ಲಂಗಾಟಾ ಕ್ಯಾಂಪಿಗೆ ಹೋಗದ ಕಾಗದ

ಆಗಸ್ಟ್ 5, ಮಂಗಳವಾರ. ಬೆಳಿಗ್ಗೆ 9

ವಾಕರ್ ಹಿಡಿದು ಅಂಗಳದಲ್ಲಿ ಎರಡು ಸುತ್ತು. ಕಾವಲಿನ ಅಸ್ಕಾರಿ ಇವತ್ತೂ ಗೇಟು ತೆಗೆಯಲಿಲ್ಲ. ಮಾಮಾ — ಇಲ್ಲಿಯ ಮಾತಿನಲ್ಲಿ ಅಮ್ಮ, ಅಂದರೆ ನಾನು — ಒಬ್ಬರೇ ರಸ್ತೆಗೆ ಇಳಿಯಕೂಡದೆಂದು ವಿನ್ಸೆಂಟನ ಆರ್ಡರ್. ನಾನು ಹೆತ್ತವನು ನನ್ನ ಮೇಲೆ ಕಾವಲಿಟ್ಟಿದ್ದಾನೆ. ಸೊಂಟ ಮುರಿದದ್ದು ನಿಜ. ತಲೆ ಮುರಿದಿಲ್ಲ.

ತಿಂಡಿಯ ಹೊತ್ತಿಗೆ ಸುದ್ದಿ — ಚರ್ಚಿನ ಹೊಸ ಹಾಲ್‌ಗೆ ಮಾವನವರ ಹೆಸರು. ರೆವರೆಂಡ್ ಡೇವಿಡ್ ಹಾಲ್. 24ಕ್ಕೆ ಉದ್ಘಾಟನೆ. ಬೆಟಗೇರಿಯಿಂದ ಕಡಲು ದಾಟಿ ಬಂದು, ಬ್ರಿಟಿಷರ ಕಾಲದಲ್ಲಿ ಇಲ್ಲಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮವರಿಗೆ ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲ ಮಾಡಿದ ಪಾದ್ರಿ. ಬಿಳಿ ಪಾದ್ರಿಗಳ ಸಾಲಿನಲ್ಲಿ ಕೊನೆಯ ಕುರ್ಚಿ ಅವರದು. ಆದರೂ ಕುರ್ಚಿ. ಆ ಮನೆಗೆ ಸೊಸೆಯಾಗಿ ಬಂದವಳು ನಾನು, ಎಸ್ಸೆಸ್ಸೆಲ್ಸಿ ಪಾಸಾಗಿ.

ಖುಷಿಯಾಗಬೇಕಿತ್ತು. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದೆ.

ಆಗಸ್ಟ್ 10, ರವಿವಾರ

ಆರಾಧನೆ ಮುಗಿದು ಚಹಾ. ನ್ಯಾಂಬುರಾ ಎದ್ದಳು — ರಿಟೈರ್ಡ್ ಟೀಚರ್, ಎಪ್ಪತ್ತೈದರ ಹೆಂಗಸು. ಮಾವನವರ ಕಾಲದಲ್ಲಿ ಚರ್ಚಿನ ಗಂಟೆ ಬಾರಿಸುತ್ತಿದ್ದ ಕರಿಯುಕಿಯ ಮಗಳು. ಕಪ್ಪು ಕೆಳಗಿಟ್ಟು, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ:

"ಪಾದ್ರಿ ಒಂದು ಸಾಲು ಬರೆದುಕೊಟ್ಟಿದ್ದರೆ ನನ್ನ ತಂದೆ ಮನೆಗೆ ಬರುತ್ತಿದ್ದ. ಬರೆಯಲಿಲ್ಲ. ಈಗ ಅವರ ಹೆಸರಿನ ಕೆಳಗೆ ಕೂತು ನಾನು ಚಹಾ ಕುಡಿಯಬೇಕೆ?"

1954ರ ಏಪ್ರಿಲ್ ಮಾತು. ಬಿಳಿಯರ ಸೈನ್ಯ ಊರನ್ನೆಲ್ಲ ಮುತ್ತಿ, ಬಂಡಾಯದವರೆಂದು ಇಲ್ಲಿಯ ಕಿಕುಯು ಬುಡಕಟ್ಟಿನ ಗಂಡಸರನ್ನು ಲಾರಿಗೆ ತುಂಬಿತು. ಕರಿಯುಕಿಯನ್ನು ಇದೇ ಲಂಗಾಟಾದ ಕ್ಯಾಂಪಿಗೆ ಹಾಕಿದರು. ನಂಬಿಗಸ್ಥನೆಂದು ಧಣಿಯೋ ಪಾದ್ರಿಯೋ ಬರೆದುಕೊಟ್ಟರೆ ಕೆಲವರನ್ನು ಬಿಡುತ್ತಿದ್ದರು. ಇವನನ್ನು ಬಿಡಲಿಲ್ಲ. ದೂರದ ಇನ್ನೊಂದು ಕ್ಯಾಂಪಿನಲ್ಲಿ ಜ್ವರ ಬಂದು ಸತ್ತ. ಬಂಡಾಯದವನೆಂದು ಚರ್ಚಿನ ಸಭೆಯ ಪಟ್ಟಿಯಿಂದಲೂ ಹೆಸರು ಹೊಡೆದುಹಾಕಿದರು.

ಕಾರಿನಲ್ಲಿ ವಿನ್ಸೆಂಟ್ ಸ್ಟೀಯರಿಂಗ್ ಗುದ್ದಿದ. "ಅಜ್ಜ ಅಂಥಾವ್ರಲ್ಲ ಅಂತ ನನಗ ಗೊತ್ತೈತಿ. ಪ್ರೂಫ್ ಎಲ್ಲೈತಿ ಹೇಳವ್ವಾ?"

ಕಿಟಕಿಯ ಕಡೆ ನೋಡಿದೆ.

ಅದೇ ದಿನ, ಮಧ್ಯಾಹ್ನ 3

ಮಾವನವರು ಬರೆದಿದ್ದರು. ಕಾಗದ ನನ್ನ ಟ್ರಂಕಿನಲ್ಲಿದೆ.

"ಈತನನ್ನು ಹನ್ನೊಂದು ವರ್ಷದಿಂದ ಬಲ್ಲೆ. ಈತನ ನಡತೆಗೆ ನಾನು ಹೊಣೆ." ಸಹಿ, ಚರ್ಚಿನ ಮುದ್ರೆ. ಕ್ಯಾಂಪಿಗೆ ಕಳಿಸೆಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕಳಿಸಲಿಲ್ಲ. ಗಂಡನನ್ನೂ ಬಂಡಾಯದವರ ಜೊತೆ ಸೇರಿಸಿ ಹಡಗು ಹತ್ತಿಸಿ ಊರಿಗೆ ಅಟ್ಟುತ್ತಾರೆಂಬ ಭಯ. ಕಳಿಸಿದೆ ಎಂದರು, ಅಷ್ಟೆ. ಬಿಳಿ ಅಧಿಕಾರಿ ತನ್ನ ಮಾತಿಗೆ ಬೆಲೆ ಕೊಡಲಿಲ್ಲವೆಂದೇ ಮಾವನವರು ಸಾಯುವ ತನಕ ಕೊರಗಿದರು.

1978ರಲ್ಲಿ ಅತ್ತೆ ಹಾಸಿಗೆ ಹಿಡಿದಾಗ ಎಲ್ಲ ಹೇಳಿ ಅದನ್ನು ನನಗೆ ಕೊಟ್ಟರು. "ಸುಡಾಕ ಕೈ ಬರವಲ್ದು. ನೀ ಇಟ್ಕೋ. ಯಾರಿಗೂ ತೋರ್ಸಂಗಿಲ್ಲ ಅಂತ ಆಣಿ ಮಾಡು."

ಮಾಡಿದೆ. ಇಷ್ಟೇ ಆಗಿದ್ದರೆ ಅತ್ತೆಯ ತಪ್ಪು ಎನ್ನಬಹುದಿತ್ತು.

ಆಗಸ್ಟ್ 12

ಬರೆದುಬಿಡುತ್ತೇನೆ. 1979. ಕರಿಯುಕಿಯ ಹೆಂಡತಿ ಬಾಗಿಲಿಗೆ ಬಂದಳು. ಬರಿಗೈಯಲ್ಲಿ ಬರಬಾರದೆಂದು ಒಂದು ಚಿಪ್ಪು ಬಾಳೆಹಣ್ಣು. ಪಾದ್ರಿ ಬರೆದ ಒಂದು ಚೂರು ಕಾಗದ ಇದ್ದರೆ ಸಾಕು, ಗಂಡನ ಹೆಸರನ್ನು ಸಭೆಯ ಪಟ್ಟಿಗೆ ಮತ್ತೆ ಸೇರಿಸುತ್ತಾರಂತೆ.

"ಹಕುನಾ" ಎಂದೆ. ಇಲ್ಲ. ಬಾಳೆಹಣ್ಣು ಮಾತ್ರ ತೆಗೆದುಕೊಂಡೆ.

ಆಣೆಗಾಗಿ ಅಲ್ಲ. ಪಾದ್ರಿ ಮನೆಯ ಹೆಂಗಸು ಕಾಗದ ಅಡಗಿಸಿಟ್ಟಳೆಂದು ಊರು ಆಡಿಕೊಳ್ಳಬಾರದಿತ್ತು.

ಈಗ ಕಾಗದ ತೋರಿಸಿದರೆ ಮಾವನವರ ಹೆಸರು ಉಳಿಯುತ್ತದೆ, ನನ್ನದು ಹೋಗುತ್ತದೆ. ತೋರಿಸದಿದ್ದರೆ…

ಆಗಸ್ಟ್ 13

ವಿನ್ಸೆಂಟನಿಗೆ ಕೊಟ್ಟೆ. 1979ರದನ್ನೂ ಹೇಳಿದೆ. ಕಾಗದಕ್ಕೆ ಕುಣಿದ. ಉಳಿದದ್ದಕ್ಕೆ ಕಿವುಡನಾದ.

"ಮೊನ್ನೆ ಟ್ರಂಕ್ ಕ್ಲೀನ್ ಮಾಡೂವಾಗ ಸಿಕ್ತು ಅನ್ನು."

"ಸುಳ್ಳ ಹೇಳ್ಲೇನು?"

"ಸುಳ್ಳೆಲ್ಲೈತಿ? ಟ್ರಂಕಿನ್ಯಾಗ ಸಿಕ್ಕಿದ್ದು ಖರೆ ಹೌದಿಲ್ಲೋ?"

"ಭಾಳ ಶಾಣ್ಯಾ ಆಗೀಯಪ್ಪಾ. ಚರ್ಚಿಗೆ ವಾರ್ಡನ್ ಯಾಕಾದಿ, ವಕೀಲ ಆಗಬೇಕಿತ್ತು."

"ಅವ್ವಾ, ಪ್ಲೀಸ್. ನನ್ನ ಬಿ.ಪಿ.ನಾದ್ರೂ ನೋಡು."

ಆಗಸ್ಟ್ 19, ಮಂಗಳವಾರ

ನ್ಯಾಂಬುರಾ ಬಂದಿದ್ದಳು. ಕಾಗದ ಓದಿದಳು. ಮತ್ತೆ ಓದಿದಳು. ಸಹಿಯ ಮೇಲೆ ಬೆರಳಿಟ್ಟು ಕೂತಳು.

"ಯಾವಾಗ ಸಿಕ್ಕಿತು?"

ವಿನ್ಸೆಂಟ್ ನನ್ನ ಬಾಯನ್ನೇ ನೋಡುತ್ತಿದ್ದ.

"ಹೋದ ವಾರ" ಎಂದೆ.

ಬೈಯುತ್ತಾಳೆ, ಅನುಮಾನ ಪಡುತ್ತಾಳೆ ಅಂದುಕೊಂಡಿದ್ದೆ. ಆ ವಯಸ್ಸಿನಲ್ಲಿ ಮಂಡಿಯೂರಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ಮಾಮಾ ವಿನ್ಸೆಂಟ್, ನನ್ನ ತಾಯಿ ಒಮ್ಮೆ ನಿಮ್ಮ ಬಾಗಿಲಿಗೂ ಬಂದಿದ್ದಳು. ಪಾದ್ರಿ ನಮ್ಮನ್ನು ಮರೆತರು ಎನ್ನುತ್ತಲೇ ಸತ್ತಳು. ಆಗ ಪಾಪ, ನಿಮಗೂ ಗೊತ್ತಿರಲಿಲ್ಲವಲ್ಲ. ರವಿವಾರ ನೀವೇ ಎದ್ದು ಎಲ್ಲರಿಗೂ ಹೇಳಬೇಕು."

ಅಸಾಂಟೆ, ಉಪಕಾರವಾಯಿತು ಎಂದಳು. ಮೂರು ಸಲ. ಕೈ ಬಿಡಿಸಿಕೊಳ್ಳಲಾಗಲಿಲ್ಲ.

ಆಗಸ್ಟ್ 22, ಶುಕ್ರವಾರ

ಮೊಮ್ಮಗಳು ಧನಶ್ರೀ ಭಾಷಣ ಟೈಪ್ ಮಾಡಿ ತಂದಳು. ಇಂಗ್ಲಿಷ್. ಎರಡು ನಿಮಿಷದ್ದು. ದೇವರ ಚಿತ್ತದಿಂದ ಇತ್ತೀಚೆಗೆ ಹಳೆಯ ಟ್ರಂಕಿನಲ್ಲಿ ದೊರೆತ…

"ಇದ್ರಾಗ ದೇವರನ್ನ ಯಾಕ ಎಳದಿ?"

"ಡ್ಯಾಡ್ ಸೆಡ್ ಸೋ, ಅಜ್ಜಿ. ಜಸ್ಟ್ ರೀಡ್ ಇಟ್. ಎವ್ರಿಬಡಿ ವಿಲ್ ಕ್ರೈ."

ಅಳುತ್ತಾರೆ. ಅದೇ ಕಷ್ಟ.

ನಾಲ್ಕು ಸಲ ಓದಿಸಿದಳು. 'ಇತ್ತೀಚೆಗೆ' ಬಂದಾಗಲೆಲ್ಲ ಕೆಮ್ಮು. ನೀರು ತಂದುಕೊಟ್ಟಳು, ಪಾಪದ ಕೂಸು.

ಸೊಂಟ ನೋವೆಂದು ಮಲಗಿಬಿಡಬಹುದು. ಆಗ ವಿನ್ಸೆಂಟ್ ಓದುತ್ತಾನೆ. ನಾನು ಹೋದರೂ, ಹೋಗದಿದ್ದರೂ ಆ ಸುಳ್ಳು ಆ ಗೋಡೆಗಳ ನಡುವೆ ಉಳಿಯುತ್ತದೆ. ಪ್ರತಿ ರವಿವಾರ ಆಕೆ ಬಂದು ನನ್ನ ಕೈ ಹಿಡಿಯುತ್ತಾಳೆ. ಸಾಯುವ ತನಕ.

ಆಗಸ್ಟ್ 24, ರವಿವಾರ. ಬೆಳಿಗ್ಗೆ 8.20

ಸೀರೆ ಉಟ್ಟಾಯಿತು. ವಿನ್ಸೆಂಟ್ ಎರಡು ಸಲ ಹಾರ್ನ್ ಹೊಡೆದ. ಹೊಡೆಯಲಿ.

ಟೈಪ್ ಮಾಡಿದ ಹಾಳೆಯನ್ನು ಧನಶ್ರೀ ಬೈಬಲ್ಲಿನಲ್ಲಿ ಇಟ್ಟಿದ್ದಳು. ತೆಗೆದು ಹಾಸಿಗೆಯ ಮೇಲೆ ಹಾಕಿದ್ದೇನೆ. ಅಲ್ಲಿ ನಿಂತರೆ ಇಂಗ್ಲಿಷ್ ಮರೆಯುತ್ತದೆ. ಮೊದಲ ಮಾತನ್ನಾದರೂ ಇಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗುತ್ತೇನೆ. ವಿನ್ಸೆಂಟ್ ಬೇಕಾದರೆ ಮೈಕ್ ಕಸಿದುಕೊಳ್ಳಲಿ. ನನ್ನ ದನಿಗೆ ಮೈಕ್ ಬೇಡ.

ನ್ಯಾಂಬುರಾ, ನಿನ್ನ ತಾಯಿ ಬಾಗಿಲಿಗೆ ಬಂದ ದಿನ ಆ ಕಾಗದ ನನ್ನ ಟ್ರಂಕಿನಲ್ಲೇ ಇತ್ತು.