ಮುಂದಿನ ಮನೆಗೆ ಕೊಟ್ಟ ಲಕೋಟೆ

ಅತ್ತಿಗೆ,

ಏಜೆಂಟರ ಖರ್ಚು ಉಳಿಸಲು ನಿಮ್ಮ ತಮ್ಮನೇ ನಕ್ಷೆ ಹರಡಿಕೊಂಡು ಹೊಂದಿಸಿದ ಪರದೇಶದ ಕಾಲ್ನಡಿಗೆ ಇದು. ದಿನಕ್ಕೊಂದು ಮನೆಯಲ್ಲಿ ಬಾಡಿಗೆ ಕೋಣೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಆದರೆ ಹೊರಡುವಾಗ ಪ್ರತಿ ಮನೆಯೊಡತಿಯೂ ಮುಂದಿನ ಮನೆಯವರಿಗೆಂದು ಅಂಟಿಸಿದ ಲಕೋಟೆಯೊಂದನ್ನು ಇವರ ಕೈಗೆ ಕೊಡುತ್ತಾಳೆ. ನಾವು ಟವೆಲು ಕದ್ದೆವೆಂದು ಬರೆಯುತ್ತಾರೋ ಏನೋ ಎಂದು ನನಗೆ ಗುಮಾನಿ. ಕೇಳಿದರೆ ಇವರು, "ಬಾಡಿಗೆ ಚೀಟಿ ಕಣೇ, ಸುಮ್ನೆ ನಡಿ" ಅನ್ನುತ್ತಾರೆ.

ಇವತ್ತು ಇವರು ಸ್ನಾನಕ್ಕೆ ಹೋದಾಗ ಲಕೋಟೆ ಬಿಡಿಸಿ, ಫೋನಿನಲ್ಲಿ ಅನುವಾದ ಮಾಡಿಸಿ ಓದಿದೆ: "ಯಜಮಾನರಿಗೆ ಮಂಡಿನೋವು. ಹೆಂಡತಿಗೆ ತಿಳಿಯಬಾರದಂತೆ. ಕೆಳಗಿನ ಕೋಣೆ ಕೊಡಿ."

ಮತ್ತೆ ಅಂಟಿಸಿಟ್ಟಿದ್ದೇನೆ. ನಾಳೆ ನನಗೇ ಕಾಲುನೋವೆಂದು ಕೂತುಬಿಡುತ್ತೇನೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು, ಮುಗಿಸುತ್ತೇನೆ. ಅಂದಹಾಗೆ, ಹೊರಡುವ ದಿನ ನೀವು ಇವರ ಚೀಲಕ್ಕೆ ಮುಲಾಮು ತುರುಕಿದ್ದು ಯಾಕೆ?

ಇತಿ,
ಏನೂ ಗೊತ್ತಿಲ್ಲದವಳು