ಬೋಡಿಮೆಟ್ಟಿನ ಉಪ್ಪುನೀರು

ಅಕ್ಕಾ,

ದಣಿದಿದ್ದೇನೆ, ಕೂತಲ್ಲಿಂದಲೇ ಬರೆಯುತ್ತಿದ್ದೇನೆ. ರಜೆಯ ಆಸೆಗೆ ಮಗ ಶರವಣನ್ ನಮ್ಮನ್ನು ಬೋಡಿಮೆಟ್ಟಿನ ಬೆಟ್ಟದ ಮೇಲೆ, ಏಲಕ್ಕಿ ತೋಟದ ಅಂಚಿನ ಡೇರೆಗೆ ತಂದು ಹಾಕಿದ್ದಾನೆ. ಕೊಳಾಯಿಯಿಲ್ಲ, ಕರೆಂಟಿಲ್ಲ. ಕೆಳಗಿನ ತೊರೆಯ ಕೆಸರುನೀರು ಪಾತ್ರೆ ತೊಳೆಯಲಷ್ಟೇ, ಹೊರುವ ಹೆಗಲು ನನ್ನದು. ಕುಡಿಯಲು, ಅಡುಗೆಗೆ ಮನೆಯಿಂದ ತಂದ ಎರಡು ಕ್ಯಾನೇ ಗತಿ. ಬೆಳಿಗ್ಗೆ ಮೋಡ ಡೇರೆಯೊಳಗೇ ನುಗ್ಗಿ ನನ್ನ ಮೀಸೆ ತೋಯಿಸಿ ಹೋಗುತ್ತದೆ, ಲೋಟಕ್ಕೆ ಮಾತ್ರ ಒಂದು ಹನಿ ಕೊಡುವುದಿಲ್ಲ.

ಮೊದಲ ಕಾಫಿಗೆ ಮಗನ ಮುಖ ಹೇಗಾಗುತ್ತದೆ ನೋಡೋಣವೆಂದು, ಹೊರಡುವಾಗ ಒಂದು ಕ್ಯಾನಿಗೆ ಕಲ್ಲುಪ್ಪು ಸುರಿದಿದ್ದೆ. ಅವನು ಉಗುಳಿದ, ನಾನು ನಕ್ಕೆ. ಸೊಸೆ ಮಣಿಮೇಗಲೈ ನಗಲೂ ಇಲ್ಲ, ನೀರು ಚೆಲ್ಲಲೂ ಇಲ್ಲ.

"ಇರ್ಲಿ ಮಾಮಾ, ಅನ್ನ ಬೇಯ್ಸೋಕೆ ಆಯ್ತದೆ. ಉಪ್ಪಾಕೋ ಕೆಲ್ಸ ನೀವೇ ಮುಗ್ಸಿದ್ದೀರಲ್ಲ" ಎಂದಳು.

ಅಂದಿನಿಂದ ಅನ್ನ, ಬೇಳೆ, ಉಪ್ಪಿಟ್ಟು ಎಲ್ಲಾ ಆ ನೀರಿನಲ್ಲೇ. ಇನ್ನೊಂದು ಕ್ಯಾನು ಕುಡಿಯಲಷ್ಟೇ, ಅದೂ ತಲೆಗಿಷ್ಟೆಂದು ಅಳೆದು. ಮುಪ್ಪಿಗೆ ಉಪ್ಪಾಗದು ಎಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತಲ್ಲ. ಹಸಿವಿಲ್ಲವೆಂದು ಬೀಗಿ, ನೀನು ಕಟ್ಟಿಕೊಟ್ಟ ದ್ರಾಕ್ಷಿಯಲ್ಲೇ ದಿನ ತಳ್ಳಿದೆ. ಅದೂ ಮುಗಿಯಿತು.

ನಿನ್ನೆ ಮಣಿಮೇಗಲೈ ತನ್ನ ಪಾಲಿನ ಕುಡಿಯುವ ನೀರಿನಲ್ಲಿ ಒಂದು ಹಿಡಿ ಅಕ್ಕಿ ಬೇಯಿಸಿ ನನ್ನ ಮುಂದಿಟ್ಟಳು.

"ಉಣ್ಣಿ ಮಾಮಾ. ನಂಗೇನ್ ಬಾಯಾರ್ಕೆ ಇಲ್ಲ."

ಅವಳ ತುಟಿ ಒಡೆದಿತ್ತು.

ಪ್ರೆಷರ್ ಮಾತ್ರೆ ತಪ್ಪಿಸಿಲ್ಲ. ಭಾನುವಾರ ಇಳಿಯುತ್ತೇವೆ. ಅದಕ್ಕೆ ಮೊದಲೇ ಈ ಕಾರ್ಡು ಸೇರಿದರೆ ಒಂದು ಕೆಲಸ ಮಾಡು. ಮನೆಯಲ್ಲಿ ಮಣಿಮೇಗಲೈಯ ಬೀರುವಿನಲ್ಲಿ ಸೀರೆಗಳ ನಡುವೆ ಒಂದು ರಬ್ಬರ್ ಹಲ್ಲಿ ಇಟ್ಟು ಬಂದಿದ್ದೇನೆ. ಅದನ್ನು ತೆಗೆದುಬಿಡು.

ಜಾಗ ಮುಗಿಯಿತು.

ಕರುಪ್ಪಯ್ಯ