ನಾನೂರು ಗಜದಾಚೆಯ ಬಟ್ಟೆತಂತಿ

ಹಳ್ಳದ ಈಚೆಯ ಮನೆ, ಮೊಂಟಾನಾ
೯ ಜುಲೈ ೧೯೯೮, ಗುರುವಾರ

ಪ್ರೀತಿಯ ಆರ್ಡಿಸ್,

ಹಳ್ಳದ ಆಚೆ ದಡದಲ್ಲಿರುವ ಹೆಂಡತಿಗೆ ಅಂಚೆಯಲ್ಲಿ ಕಾಗದ ಹಾಕುವ ಗಂಡ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ನಡೆದು ಬಂದರೆ ಹತ್ತು ನಿಮಿಷ. ಆದರೆ ನೀನು ಬಾಗಿಲು ತೆರೆಯುವುದಿಲ್ಲ ಎಂದು ಗೊತ್ತು.

ಕೇಳಬೇಕಾದದ್ದು ಬಂದೂಕಿನ ವಿಷಯ. ಹುಲ್ಲಿನ ಹೊಲದಲ್ಲಿ ನೆಲದ ಅಳಿಲುಗಳ ಕಾಟ ಈ ವರ್ಷ ಮಿತಿಮೀರಿದೆ. ಕಂದು ಕುದುರೆ ಅವುಗಳ ಬಿಲದಲ್ಲಿ ಕಾಲಿಟ್ಟು ಉಳುಕಿಸಿಕೊಂಡಿದೆ. ನಮ್ಮ ಇಪ್ಪತ್ತೆರಡರ ಬಂದೂಕಿನ ನಳಿಗೆ ಸವೆದುಹೋಗಿದೆ. ಇನ್ನೂರು ಗಜದಲ್ಲಿ ಒತ್ತೊತ್ತಾಗಿ ಬೀಳುತ್ತಿದ್ದ ಗುಂಡುಗಳು ಈಗ ಊಟದ ತಟ್ಟೆಯಷ್ಟಗಲ ಚದುರುತ್ತವೆ. ಹೊಸ ನಳಿಗೆ ದಪ್ಪನೆಯದು ಹಾಕಿಸಲೋ, ತೆಳ್ಳನೆಯದೋ? ದಪ್ಪನೆಯದು ಎಷ್ಟು ಹಾರಿಸಿದರೂ ಬೇಗ ಕಾಯುವುದಿಲ್ಲ, ಗುರಿ ತಪ್ಪಿಸುವುದಿಲ್ಲ. ಆದರೆ ಅರವತ್ತೆರಡು ತುಂಬಿದ ಹೆಗಲಿಗೆ ಭಾರ. ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಹನ್ನೆರಡು ಇಂಚಿಗೊಂದು ಸುತ್ತು ಇದ್ದರೆ ಸಾಕೋ, ಎಂಟಿಂಚಿಗೊಂದು ಬೇಕೋ? ಬಿಗಿ ಸುತ್ತಾದರೆ ಉದ್ದನೆಯ ಗುಂಡು ಹಾಕಬಹುದು, ನಮ್ಮ ಗಾಳಿ ಅದನ್ನು ಅಷ್ಟು ತಳ್ಳುವುದಿಲ್ಲ. ನಳಿಗೆ ಕೊರೆಯುವವನ ಮಗಳು ನೀನು, ನಿನ್ನನ್ನಲ್ಲದೆ ಯಾರನ್ನು ಕೇಳಲಿ? ಮದುವೆಯಾದ ವರ್ಷ ನೀನು ಛೇಡಿಸಿದ್ದು ನೆನಪಿದೆ: "ಗೇಲೆನ್, ನೀನು ಬಂದೂಕು ಹಿಡ್ಕೊಳ್ಳೋದು ನೋಡಿದ್ರೆ ಪಕ್ಕದ್ಮನೆ ಕೂಸನ್ನ ಎತ್ಕೊಂಡಂಗಿದೆ."

ಗುರಿ ನೋಡುವ ಸ್ಕೋಪಿನದು ಇನ್ನೊಂದು ತಲೆನೋವು. ಅಂಗಡಿಯವನು ಇಪ್ಪತ್ತನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವುದನ್ನೇ ತಗೋ ಎನ್ನುತ್ತಾನೆ. ನೀನಿದ್ದಿದ್ದರೆ, "ಮಟಮಟ ಮಧ್ಯಾಹ್ನ ಅದ್ರಲ್ಲಿ ಗಾಳಿ ಕುದಿಯೋದು ಕಾಣುತ್ತೆ ಅಷ್ಟೆ, ಹನ್ನೆರಡು ಸಾಕು ಸುಮ್ನಿರು" ಎನ್ನುತ್ತಿದ್ದೆ. ಹನ್ನೆರಡು ಪಟ್ಟು ಅಳಿಲಿಗೆ ಸಾಕು, ನಿಜ. ಆದರೆ ನಾನೂರು ಗಜದಲ್ಲಿ ಅದರಿಂದ ಒಬ್ಬರ ಮುಖ ಕಾಣುತ್ತದೆಯೇ ಹೊರತು, ಅವರು ಸೊರಗಿದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಸುತ್ತಿ ಬಳಸಿ ಅಲ್ಲಿಗೇ ಬಂದೆ. ನಳಿಗೆ, ಸುರುಳಿ ಎಲ್ಲ ಕುಂಟುನೆಪ.

ಜೂನ್ ಹದಿನಾರರ ಬೆಳಿಗ್ಗೆ ನಾನು ಹೊಲದಂಚಿನಲ್ಲಿ ಅಳಿಲಿಗೆ ಹೊಂಚುಹಾಕಿ ಮಲಗಿದ್ದೆ. ನೀನು ಬಟ್ಟೆಬುಟ್ಟಿ ಹಿಡಿದು ನಿನ್ನಪ್ಪನ ಮನೆಯ ಅಂಗಳಕ್ಕೆ ಬಂದೆ. ನಿನ್ನನ್ನು ನೋಡಿ ಹನ್ನೊಂದು ವಾರವಾಗಿತ್ತು. ದುರ್ಬೀನು ನಿನ್ನದು, ನಿನ್ನ ಜೊತೆಗೇ ಹೋಗಿತ್ತು. ಕೈಯಲ್ಲಿದ್ದದ್ದು ಬಂದೂಕಿನ ಮೇಲಿನ ಸ್ಕೋಪು. ಬಂದೂಕು ಸಮೇತ ಅದನ್ನೇ ನಿನ್ನತ್ತ ತಿರುಗಿಸಿದೆ. ನೀಲಿ ಅಂಗಿ, ಬಾಯಲ್ಲಿ ಎರಡು ಕ್ಲಿಪ್ಪು. ಕೂದಲು ಕತ್ತರಿಸಿಕೊಂಡಿದ್ದೀಯ, ನನಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಗಾಜಿಗೆ ಬಿಸಿಲು ಹೊಡೆದಿರಬೇಕು, ನೀನು ನೆಟ್ಟಗೆ ನನ್ನತ್ತ ನೋಡಿದೆ. ದುಪ್ಪಟಿ ಕೆಳಗೆ ಬಿತ್ತು. ನೀನು ಓಡಲಿಲ್ಲ, ನಡೆದೇ ಒಳಗೆ ಹೋದೆ.

ಮಾರನೆಯ ದಿನ ಬಟ್ಟೆತಂತಿಯ ಕಂಬಗಳು ಮನೆಯ ಹಿಂದಕ್ಕೆ ಹೋದವು. ಅಂಚೆ ತರುವ ವರ್ನಾ ಗಾಡಿಯಿಂದ ಇಳಿಯದೆಯೇ ಹೇಳಿದಳು: "ಮೂವತ್ತೊಂದು ವರ್ಷ ಅವನ ಜೊತೆ ಬೇಜಾರಾಗಿತ್ತು, ಭಯ ಒಂದಿನಾನೂ ಆಗಿರ್ಲಿಲ್ಲ, ಈಗ ಆಗುತ್ತೆ ಅಂದ್ಲಪ್ಪಾ ನಿನ್ ಹೆಂಡ್ತಿ. ಏನ್ ಮಾಡ್ದೆ ನೀನು?" ಅಂದಿನಿಂದ ಅನ್ನವೂ ಸೇರುತ್ತಿಲ್ಲ, ನಿದ್ದೆಯೂ ಇಲ್ಲ.

ಭಯ ಪಡಬೇಡ, ಆರ್ಡಿಸ್. ಗುಂಡು ಸಿಡಿಸುವ ಬೋಲ್ಟನ್ನು ಎಳೆದು ಜೇಬಿಗೆ ಹಾಕಿಕೊಂಡೇ ನಿನ್ನತ್ತ ತಿರುಗಿಸಿದ್ದೆ. ಅದಿಲ್ಲದ ಬಂದೂಕು ಬರೀ ಕೊಳವೆ ಎಂದು ನಿನ್ನಪ್ಪ ಹೇಳುತ್ತಿರಲಿಲ್ಲವೇ?

ಮನೆ ಬಿಟ್ಟು ಹೊರಡುವಾಗ ನೀನು, "ನಿನ್ ಜೊತೆ ಇರೋದೂ ಒಬ್ಳೇ ಇರೋದೂ ಒಂದೇ. ಒಬ್ಳೇ ಇದ್ರೆ ಪಾತ್ರೆ ಕಮ್ಮಿ" ಎಂದೆ. ಆಗ ಸಿಟ್ಟು ಬಂದಿತ್ತು. ಈಗ ನನಗೂ ಒಂದೇ ತಟ್ಟೆ, ಒಂದೇ ಲೋಟ. ತೊಳೆದಿಟ್ಟ ಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಈ ಒಂಟಿತನ ನನ್ನಿಂದ ತಡೆಯಲಾಗುತ್ತಿಲ್ಲ. ನೀನು ಇದನ್ನು ನನ್ನ ಪಕ್ಕದಲ್ಲೇ ಕುಳಿತು ಮೂವತ್ತೊಂದು ವರ್ಷ ತಡೆದೆ.

ಇಂತಿ ನಿನ್ನ,
ಗೇಲೆನ್

ಮತ್ತೊಂದು ಮಾತು: ಕಾಗದ ಮಡಚಿ ಲಕೋಟೆಗೆ ಹಾಕಿದವನು ಹೊರಗೆ ತೆಗೆದೆ. ಬೋಲ್ಟು ಜೇಬಿನಲ್ಲಿತ್ತು ಎಂದದ್ದು ಸುಳ್ಳು. ಬಂದೂಕಿನಲ್ಲೇ ಇತ್ತು, ಅದರ ಮುಂದೆ ಗುಂಡೂ ಇತ್ತು. ಬೆರಳು ಬಂದೂಕಿನ ಕುದುರೆಯ ಮೇಲಿರಲಿಲ್ಲ, ಆದರೆ ಎಲ್ಲಿತ್ತೆಂದು ನೆನಪಿಲ್ಲ. ನಿನ್ನನ್ನು ಕಂಡ ಖುಷಿಯಲ್ಲಿ ಎಲ್ಲ ಮರೆತಿದ್ದೆ. ನೀನು ಹೆದರಿದ್ದು ಸರಿ.

ಕಾಲುಚೀಲದಲ್ಲಿ ಸುತ್ತಿ ವರ್ನಾಳ ಕೈಗೆ ಕೊಟ್ಟಿರುವುದು ಆ ಬೋಲ್ಟು. ನಿನ್ನ ಹತ್ತಿರವೇ ಇರಲಿ. ನಳಿಗೆ, ಸ್ಕೋಪಿನ ಮಾತಿಗೆ ಉತ್ತರ ಬೇಡ, ಅಳಿಲುಗಳು ಈ ವರ್ಷ ತಿಂದುಕೊಳ್ಳಲಿ. ಬಟ್ಟೆತಂತಿ ಎಂದಾದರೂ ಈ ಕಡೆಗೆ ಬಂದರೆ ನನ್ನ ಬರಿಗಣ್ಣಿಗೆ ನೀನು ಒಂದು ನೀಲಿ ಚುಕ್ಕೆಯಾಗಿ ಕಾಣುತ್ತೀಯ. ನನಗೆ ಅಷ್ಟು ಸಾಕು.